ಉಕ್ಕಡಗಾತ್ರಿಯ ಜಿಲ್ಲೆ ಬದಲಾದದ್ದು ಹೇಗೆ?

ತುಂಗಭದ್ರೆಯ ದಡದ ಉಕ್ಕಡಗಾತ್ರಿ, ಕರಿಬಸವೇಶ್ವರ ಅಜ್ಜಯ್ಯನ ಊರು. 1997ರವರೆಗೆ ಈ ಊರಿನವರ ಜಿಲ್ಲಾ ಕೇಂದ್ರ ದೂರದ ಚಿತ್ರದುರ್ಗ. ಆ ವರ್ಷ ದಾವಣಗೆರೆ ಹೊಸ ಜಿಲ್ಲೆಯಾಯಿತು, ಉಕ್ಕಡಗಾತ್ರಿ ಇರುವ ಹರಿಹರ ತಾಲ್ಲೂಕು ಅದಕ್ಕೆ ಸೇರಿತು. ಆಗ ಮುಖ್ಯಮಂತ್ರಿ ಜೆ.ಎಚ್. ಪಟೇಲರು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು, 1967ರಲ್ಲೇ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ ಧೀಮಂತರು!

ಜಿಲ್ಲೆ ಮಾಡಲು ದೆಹಲಿಯ ಅಪ್ಪಣೆ ಬೇಕಿಲ್ಲ. ಭೂಮಿ, ಪೊಲೀಸ್, ಪಂಚಾಯಿತಿ ಇವೆಲ್ಲ ಸಂವಿಧಾನವೇ ರಾಜ್ಯಕ್ಕೆ ಕೊಟ್ಟ ವಿಷಯಗಳು.

ಹಾಗೆಂದು ಮುಖ್ಯಮಂತ್ರಿ ದೊರೆಯಲ್ಲ. ನೇಮಿಸುವವರು ರಾಜ್ಯಪಾಲರು, ಆದರೆ ಕುರ್ಚಿ ಉಳಿಯುವುದು ವಿಧಾನಸಭೆಯ ವಿಶ್ವಾಸ ಇರುವತನಕ ಮಾತ್ರ. 224 ಸ್ಥಾನಗಳಲ್ಲಿ ಬಹುಮತಕ್ಕೆ 113 ಬೇಕು. ಆ 224ರಲ್ಲೊಂದು ಸ್ಥಾನ ಹರಿಹರದ್ದು, ಉಕ್ಕಡಗಾತ್ರಿಯ ಮತ ಎಣಿಕೆಯಾಗುವುದೂ ಅಲ್ಲಿಗೇ.