ಕಾಫಿ ಕುಡಿಯದ ಮೇಷ್ಟ್ರು

ಮಂಗೋಲಿಯಾದ ಉಲಾನ್‌ಬಾತರ್‌ನ ತರಗತಿಯೊಂದರಲ್ಲಿ ‘ಕಾಫಿ’ ಎಂದು ಹಲಗೆಯ ಮೇಲೆ ಬರೆದು ಓದಿಸಿದರೆ ಹಿಂದಿನ ಬೆಂಚುಗಳಿಂದ ‘ಕೋಪಿ’ ಎಂದು ಕೇಳಿಬರುವುದುಂಟು. ಮಂಗೋಲಿಯನ್ ಭಾಷೆಯ ಸ್ವಂತ ಪದಗಳಲ್ಲಿ ‘ಫ’ ಧ್ವನಿ ಇಲ್ಲ. ಹೊರಗಿನಿಂದ ಬಂದ ಪದಗಳಲ್ಲೂ ಹಲವರ ನಾಲಿಗೆ ‘ಪ’ದತ್ತ ಜಾರುತ್ತದೆ. ಆಫೀಸನ್ನು ಆಪೀಸು, ಕಾಫಿಯನ್ನು ಕಾಪಿ ಮಾಡಿಕೊಂಡ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಉಸಿರು ಸಂದಿಯಿಂದ ಹೊರಬರಬೇಕು. ಮೇಷ್ಟ್ರು ತಮ್ಮ ತುಟಿಯನ್ನೇ ತೋರಿಸಿ ಹೇಳಿಕೊಡಬೇಕು.

ತಮಾಷೆಯೆಂದರೆ, ಆ ಪದ ತಿದ್ದುವ ಮೇಷ್ಟ್ರು ಕಾಫಿ ಮುಟ್ಟುವವರಲ್ಲ. ಚಹಾವನ್ನೂ.

ಇವರು ನಾವು ‘ಮಾರ್ಮನ್’ ಎಂದು ಕರೆಯುವ, ಅಮೆರಿಕದ ಯೂಟಾದಲ್ಲಿ ಕೇಂದ್ರವಿರುವ ಲ್ಯಾಟರ್-ಡೇ ಸೇಂಟ್ಸ್ ಚರ್ಚಿನ ಹಿರಿಯ ಮಿಷನರಿಗಳು. ನಿವೃತ್ತಿಯಾದ ಮೇಲೆ ಗಂಡ ಹೆಂಡತಿ ಜೊತೆಯಾಗಿ ಸೇವೆಗೆ ಹೊರಡುತ್ತಾರೆ. ಅವಧಿ ಆರು ತಿಂಗಳಿಂದ ಇಪ್ಪತ್ತಮೂರು ತಿಂಗಳವರೆಗೆ. ಸಂಬಳವಿಲ್ಲ, ಖರ್ಚು ಬಹುಪಾಲು ಕೈಯಿಂದಲೇ. ಮನೆಮನೆ ಸುತ್ತುವ ಕಿರಿಯರಂತೆ ಬಿಗಿ ದಿನಚರಿ ಇವರಿಗಿಲ್ಲ. ಮೊಮ್ಮಕ್ಕಳೊಡನೆ ಫೋನಿನಲ್ಲಿ ಮಾತಾಡಬಹುದು. ಕೆಲವರು ಕಚೇರಿ ನೋಡಿಕೊಳ್ಳುತ್ತಾರೆ, ಕೆಲವರು ಆಸ್ಪತ್ರೆಗಳಿಗೆ ನೆರವಾಗುತ್ತಾರೆ, ಕೆಲವರು ಇಂಗ್ಲಿಷ್ ಕಲಿಸುತ್ತಾರೆ.

ಮಿಷನರಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕಿಟೆಲ್. ಇಪ್ಪತ್ತೊಂದರ ಹರೆಯದಲ್ಲಿ, 1853ರಲ್ಲಿ ಬಂದು ಕನ್ನಡ ಕಲಿತವರು. 1894ರಲ್ಲಿ ನಿಘಂಟು ಅಚ್ಚಾದಾಗ ಅವರಿಗೆ 62. ಮಂಗೋಲಿಯಾಕ್ಕೆ ಹೋಗುವ ಎಷ್ಟೋ ದಂಪತಿಗಳ ಕೆಲಸ ಶುರುವಾಗುವುದೇ ಆ ವಯಸ್ಸಿನ ಆಸುಪಾಸಿನಲ್ಲಿ. ಕಿಟೆಲ್ ಇಲ್ಲಿಗೆ ಬಂದು ಕಲಿತವರು, ಇವರು ಅಲ್ಲಿಗೆ ಹೋಗಿ ಕಲಿಸುವವರು.

ಮಂಗೋಲಿಯಾದ ಕಥೆ ಚಿಕ್ಕದು. 1990ರಲ್ಲಿ ಅಲ್ಲಿ ಏಕಪಕ್ಷದ ಆಡಳಿತ ಕುಸಿಯಿತು, 1992ರಲ್ಲಿ ಹೊಸ ಸಂವಿಧಾನ ಬಂತು. ಉನ್ನತ ಶಿಕ್ಷಣಕ್ಕೆ ನೆರವು ಬೇಕಿತ್ತು. ಅದೇ ವರ್ಷ ಆರು ಹಿರಿಯ ದಂಪತಿಗಳು ಉಲಾನ್‌ಬಾತರ್‌ಗೆ ಬಂದಿಳಿದರು. 1995ರಲ್ಲಿ ಪ್ರತ್ಯೇಕ ಮಿಷನ್ ಆಯಿತು. 2004ರಲ್ಲಿ ಪ್ರಧಾನಿಯಾದ ಎಲ್ಬೆಗ್‌ದೋರ್ಜ್ ತಮ್ಮ ನಾಡಿನವರೆಲ್ಲ ಇಂಗ್ಲಿಷ್ ಬಲ್ಲವರಾಗಬೇಕೆಂದು ಹೊರಟರು. ಶಾಲೆಗಳಲ್ಲಿ ರಷ್ಯನ್ನಿನ ಜಾಗಕ್ಕೆ ಇಂಗ್ಲಿಷ್ ಬಂತು.

ಆ ಬದಲಾವಣೆಯ ಭಾರ ಬಿದ್ದದ್ದು ರಷ್ಯನ್ ಮೇಷ್ಟ್ರುಗಳ ಮೇಲೆ. ಜೀವಮಾನವಿಡೀ ಒಂದು ಭಾಷೆ ಕಲಿಸಿದವರು ನಡುವಯಸ್ಸಿನಲ್ಲಿ ಇನ್ನೊಂದನ್ನು ಕಲಿತು, ಕಲಿಸಬೇಕಾಯಿತು. ಅಂಥವರಿಗೆ ಇಂಗ್ಲಿಷನ್ನು ತಾಯಿನುಡಿಯಾಗಿ ಆಡುವವರ ಜೊತೆ ಅರ್ಧ ಗಂಟೆ ಹರಟುವುದೂ ಒಂದು ತರಬೇತಿಯೇ.

ಇನ್ನು ಚಹಾದ ವಿಚಾರ. ಹುಲ್ಲುಗಾವಲಿನ ಗೇರ್ ಎಂಬ ದುಂಡು ಗುಡಾರದ ಮನೆಯೊಳಗೆ ಕಾಲಿಟ್ಟ ಅತಿಥಿಗೆ ಮೊದಲು ಸಿಗುವುದು ಸೂತೇ ತ್ಸಾಯ್. ಇಟ್ಟಿಗೆಯಂತೆ ಒತ್ತಿ ಗಟ್ಟಿ ಮಾಡಿದ ಚಹಾವನ್ನು ಪುಡಿಮಾಡಿ ನೀರಿಗೆ ಹಾಕಿ ಕುದಿಸಿ, ಹಾಲು ಸುರಿದು, ಉಪ್ಪು ಬೆರೆಸುತ್ತಾರೆ. ಸಟ್ಟುಗದಲ್ಲಿ ಮತ್ತೆ ಮತ್ತೆ ಎತ್ತಿ ಸುರಿಯುವುದೂ ಉಂಟು, ನಮ್ಮಲ್ಲಿ ಕಾಫಿಯನ್ನು ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ಯುವ ಹಾಗೆ. ಬಟ್ಟಲನ್ನು ಬಲಗೈಯಲ್ಲಿ ಹಿಡಿಯಬೇಕು, ಎಡಗೈ ಬಲ ಮೊಣಕೈಗೆ ಆಸರೆಯಾಗಿರಬೇಕು. ಬೇಡವೆನ್ನುವುದು ಒರಟುತನ. ಬೇಸಿಗೆಯಾದರೆ ಹಿಂದೆಯೇ ಐರಗ್, ಹುಳಿ ಬರಿಸಿದ ಕುದುರೆ ಹಾಲು; ಅದರಲ್ಲಿ ತುಸು ಮದ್ಯವೂ ಇರುತ್ತದೆ.

ಈ ಮಿಷನರಿಗಳ ಧರ್ಮಕ್ಕೆ 1833ರಿಂದ ಒಂದು ಆಹಾರ ನಿಯಮವಿದೆ. ಚಹಾ, ಕಾಫಿ, ಮದ್ಯ, ತಂಬಾಕು ನಿಷಿದ್ಧ. ಹಾಗಾಗಿ ಸೂತೇ ತ್ಸಾಯ್ ಇವರಿಗೆ ವರ್ಜ್ಯ. ಅದೇ ರೀತಿಯಲ್ಲಿ ಬಟ್ಟಲು ಪಡೆದುಕೊಂಡು, ತುಟಿ ಒದ್ದೆಯಾಗದಂತೆ ಕೆಳಗಿಡುವುದೊಂದು ಉಪಾಯ. ಬರಿ ಬಿಸಿ ಹಾಲೋ, ಚತ್ಸರಗಾನ ಎಂಬ ಕಿತ್ತಳೆ ಬಣ್ಣದ ಹುಳಿ ಹಣ್ಣಿನ ರಸವೋ ಇದ್ದರೆ ಇಬ್ಬರಿಗೂ ನಿರಾಳ.

ಇಂಗ್ಲಿಷನ್ನು ಎರೆ ಮಾಡಿಕೊಂಡು ಮತಾಂತರ ಮಾಡುತ್ತಾರೆಂಬ ಆಕ್ಷೇಪವೂ ಇದೆ. ಬೌದ್ಧರೇ ಹೆಚ್ಚಿರುವ ನಾಡಿನಲ್ಲಿ ಆ ಅನುಮಾನ ಅಕಾರಣವೇನಲ್ಲ. ಚರ್ಚಿನ ಲೆಕ್ಕದಲ್ಲಿ ಈಗ ಅಲ್ಲಿ ಸದಸ್ಯರು ಹನ್ನೆರಡು ಸಾವಿರ ದಾಟಿದ್ದಾರೆ. ಇದೇ ಚರ್ಚಿನ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ 1989ರಿಂದ ಚೀನಾಕ್ಕೂ ಇಂಗ್ಲಿಷ್ ಮೇಷ್ಟ್ರುಗಳನ್ನು ಕಳಿಸಿದ್ದುಂಟು; ಅಲ್ಲಿ ಮತಪ್ರಚಾರಕ್ಕೆ ಅವಕಾಶವೇ ಇಲ್ಲ, ಪಾಠವಷ್ಟೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟ.

ಜನವರಿಯಲ್ಲಿ ಉಷ್ಣಾಂಶ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿಯುವುದು ಉಲಾನ್‌ಬಾತರ್‌ನಲ್ಲಿ ಸಾಮಾನ್ಯ. ಒಲೆಗಳ ಹೊಗೆ ಕಣಿವೆಯಲ್ಲೇ ನಿಲ್ಲುತ್ತದೆ. ಮಂಡಿನೋವಿನ ಹಿರಿಯರಿಗೆ ಮಂಜುಗಟ್ಟಿದ ರಸ್ತೆ ದಾಟುವುದೇ ದಿನದ ದೊಡ್ಡ ಕೆಲಸ. ಸೇವೆಯ ಅವಧಿಯಲ್ಲಿ ಅವರಿಗೆ ಬರುವ ಮಂಗೋಲಿಯನ್ ಹಲವು ಸಲ ಬೆರಳೆಣಿಕೆಯ ಪದಗಳಷ್ಟೇ. ಆದರೆ ಒಂದು ಪದ ಮಾತ್ರ ಮೊದಲ ದಿನವೇ ಕಿವಿಗೆ ಬೀಳುತ್ತದೆ: ‘ಬಗ್‌ಶಾ’. ನಮ್ಮ ‘ಮೇಷ್ಟ್ರೇ’ ಇದ್ದ ಹಾಗೆ.

ಹದಿನೆಂಟು ತಿಂಗಳಿಗೆ ಬಂದವರು ಮಕ್ಕಳ ಉದ್ದುದ್ದ ಹೆಸರುಗಳನ್ನು ತಪ್ಪಿಲ್ಲದೆ ಕರೆಯುವ ಹೊತ್ತಿಗೆ ಹೊರಡುವ ದಿನ ಬಂದಿರುತ್ತದೆ. ಬೀಳ್ಕೊಡುವ ಮನೆಯಲ್ಲಿ ಮತ್ತೆ ಉಪ್ಪುಚಹಾದ ಬಟ್ಟಲು ಮುಂದೆ ಬರುತ್ತದೆ. ಬಲಗೈ ಚಾಚುತ್ತದೆ, ಎಡಗೈ ಮೊಣಕೈಗೆ ಸೇರುತ್ತದೆ. ಅಷ್ಟನ್ನು ಈಗ ಯಾರೂ ಹೇಳಿಕೊಡಬೇಕಿಲ್ಲ. ಹಬೆ ಕನ್ನಡಕಕ್ಕೆ ಬಡಿಯುತ್ತದೆ. ಬಟ್ಟಲು ತುಂಬಿದ್ದು ತುಂಬಿದ ಹಾಗೇ ಕೆಳಗಿಳಿಯುತ್ತದೆ.