ಕೂಲಿಯವರ ಮಾತು ಊರನುಡಿಯಾದ ಬಂದರು: ಜಾಂಬೊವಾಂಗಾ

ಬಂದರು ಎಂದ ಮೇಲೆ ಹಡಗುಗಳು ಬರುತ್ತವೆ, ಹೋಗುತ್ತವೆ. ಹಡಗಿನೊಂದಿಗೆ ಬಂದ ಜನ ಕೆಲವೊಮ್ಮೆ ಅಲ್ಲಿಯೇ ನಿಂತುಬಿಡುತ್ತಾರೆ. ಜನ ಹೊರಟುಹೋದರೂ ಅವರ ಮಾತು ಹಿಂದೆ ಉಳಿಯುವುದೂ ಉಂಟು. ನಮ್ಮ ಪಡುವಣ ಕರಾವಳಿಯಿಂದ ಪೋರ್ಚುಗೀಸರು ಹೋಗಿ ಎಷ್ಟೋ ಕಾಲವಾಯಿತು. ಆದರೂ ಪಾದ್ರಿ, ಇಗರ್ಜಿ, ಜನೇಲು, ಚಾವಿ ಎಂಬ ಅವರ ಶಬ್ದಗಳನ್ನು ನಾವು ನಮ್ಮವೆಂದೇ ಬಳಸುತ್ತಿದ್ದೇವೆ. ಹೀಗೆ ನಾಲ್ಕಾರು ಶಬ್ದಗಳಲ್ಲ, ಒಂದಿಡೀ ಭಾಷೆಯೇ ಹುಟ್ಟಿ ನೆಲೆನಿಂತ ಬಂದರೊಂದು ಪೂರ್ವ ಸಮುದ್ರದಲ್ಲಿದೆ. ಅದೇ ಫಿಲಿಪ್ಪೀನ್ಸ್ ದೇಶದ ಜಾಂಬೊವಾಂಗಾ.

ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ಆ ದೇಶದ ದಕ್ಷಿಣದಲ್ಲಿ ಮಿಂಡನಾವೊ ಎಂಬ ದೊಡ್ಡ ದ್ವೀಪವಿದೆ. ಅದರ ಪಶ್ಚಿಮದ ನೆಲ ಸಮುದ್ರದೊಳಕ್ಕೆ ಬೆರಳಿನಂತೆ ಚಾಚಿಕೊಂಡಿದೆ. ಆ ಬೆರಳಿನ ತುದಿಯಲ್ಲಿ ಈ ಪಟ್ಟಣ. ಇಲ್ಲಿಯವರಿಗೆ ತಮ್ಮ ರಾಜಧಾನಿ ಮನಿಲಾಕ್ಕಿಂತ ಬೋರ್ನಿಯೋ ದ್ವೀಪವೇ ಹತ್ತಿರ. 2020ರ ಜನಗಣತಿಯಂತೆ ಊರಿನ ಜನಸಂಖ್ಯೆ 9,77,234.

ದೋಣಿ ಕಟ್ಟುವ ಗೂಟ

ಈ ಊರನ್ನು 'ಹೂಗಳ ನಗರ' ಎಂದು ಕರೆಯುವ ವಾಡಿಕೆಯಿದೆ. ಮಲಯ ಭಾಷೆಯಲ್ಲಿ ಹೂವಿಗೆ ಸಂಬಂಧಿಸಿದ 'ಜಂಬಾಂಗನ್' ಎಂಬ ಶಬ್ದದಿಂದ ಹೆಸರು ಬಂತೆಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಕೇಳಲು ಇಂಪಾದ ಈ ಕಥೆಯನ್ನು ಇತಿಹಾಸಕಾರರು ಒಪ್ಪುವುದಿಲ್ಲ. ಹಳೆಯ ಹೆಸರು 'ಸಾಂಬೊವಾಂಗನ್', ಅಂದರೆ ದೋಣಿಗಳನ್ನು ಕಟ್ಟಿಹಾಕುವ ತಾಣ. ನೀರಿನಲ್ಲಿ ನೆಟ್ಟ ಗೂಟಕ್ಕೆ ಹಗ್ಗ ಬಿಗಿದು ದೋಣಿ ನಿಲ್ಲಿಸುತ್ತಿದ್ದ ಸಮುದ್ರದ ಮಕ್ಕಳು ಇಟ್ಟ ಹೆಸರು ಅದು.

ಆ ಸಮುದ್ರದ ಮಕ್ಕಳೇ ಸಾಮಾ ಮತ್ತು ಬಜಾವು ಜನ. ದೋಣಿಯಲ್ಲೇ ಸಂಸಾರ ಹೂಡಿ ಬಾಳುತ್ತಿದ್ದ ಕುಟುಂಬಗಳು ಅವರಲ್ಲಿ ಎಷ್ಟೋ ಇದ್ದವು. 'ವಿಂತಾ' ಎಂಬ ಅವರ ದೋಣಿಗೆ ಎರಡೂ ಪಕ್ಕಗಳಲ್ಲಿ ಬಿದಿರು ಕಟ್ಟಿರುತ್ತಾರೆ. ಅಲೆ ಎಷ್ಟು ತೂಗಿದರೂ ಅದು ಸುಲಭವಾಗಿ ಮಗುಚುವುದಿಲ್ಲ. ಅದರ ಹಾಯಿಯಲ್ಲಿ ಕೆಂಪು, ಹಳದಿ, ಹಸುರು ಪಟ್ಟೆಗಳು. ಮೋಟಾರು ದೋಣಿಗಳು ಬಂದ ಮೇಲೆ ಬಣ್ಣದ ಹಾಯಿಗಳು ಹೆಚ್ಚಾಗಿ ಹಬ್ಬದ ದಿನಗಳಲ್ಲಿ ಮಾತ್ರ ಕಾಣಸಿಗುತ್ತವೆ. ಆದರೆ ಊರಿನ ಗುರುತು ಇಂದಿಗೂ ಅವೇ. ಒಳನಾಡಿನ ಗುಡ್ಡಗಳಲ್ಲಿ ಸುಬಾನೆನ್ ಎಂಬ ಬೇಸಾಯಗಾರ ಜನ, ದಕ್ಷಿಣದ ದ್ವೀಪಗಳಲ್ಲಿ ಸುಲು ಸುಲ್ತಾನರ ಪ್ರಜೆಗಳಾದ ತೌಸುಗರು, ಎದುರಿನ ಬಸಿಲಾನ್ ದ್ವೀಪದಲ್ಲಿ ನೇಯ್ಗೆಗೆ ಹೆಸರಾದ ಯಾಕಾನರು. ಸ್ಪೇನ್ ದೇಶದವರು ಕಾಲಿಡುವಾಗ ಇಲ್ಲಿನ ಚಿತ್ರ ಹೀಗಿತ್ತು.

ಕೋಟೆ ಎದ್ದಿತು

1635ರಲ್ಲಿ ಸ್ಪೇನಿನ ಪಡೆ ಇಲ್ಲಿ ಬಂದಿಳಿಯಿತು. ಸುಲು ಮತ್ತು ಮಿಂಡನಾವೊ ಸುಲ್ತಾನರ ನೌಕೆಗಳು ಉತ್ತರದ ದ್ವೀಪಗಳ ಮೇಲೆ ನಡೆಸುತ್ತಿದ್ದ ದಾಳಿಯನ್ನು ಈ ಜಲಸಂಧಿಯಲ್ಲೇ ತಡೆಯಬೇಕೆಂಬುದು ಅವರ ಉದ್ದೇಶ. ಅದೇ ವರ್ಷ ಜೂನ್ 23ರಂದು ಕಲ್ಲಿನ ಕೋಟೆಗೆ ಅಡಿಪಾಯ ಬಿತ್ತು. ನಕ್ಷೆ ಬರೆದವನು ಸೈನಿಕನಲ್ಲ, ಮೆಲ್ಚೋರ್ ದೆ ವೆರಾ ಎಂಬ ಜೆಸುವಿಟ್ ಪಾದ್ರಿ. 1663ರಲ್ಲಿ ಕೋಟೆಯನ್ನು ಬಿಟ್ಟುಹೋಗಬೇಕಾಯಿತು. ಚೀನೀ ದಳಪತಿ ಕೊಕ್ಸಿಂಗಾ ತೈವಾನನ್ನು ಗೆದ್ದು ಮನಿಲಾಕ್ಕೆ ಬೆದರಿಕೆ ಹಾಕಿದ್ದ. ಅದರ ರಕ್ಷಣೆಗೆಂದು ಸೈನ್ಯವನ್ನು ಹಿಂದಕ್ಕೆ ಕರೆಸಿಕೊಂಡರು. ಮತ್ತೆ ಬಂದು ಕೋಟೆ ಕಟ್ಟಿದ್ದು 1718-19ರಲ್ಲಿ.

ಪಿಲಾರ್ ಮಾತೆಯ ಹೆಸರಿನ ಆ ಕೋಟೆ ಇಂದಿಗೂ ಕಡಲ ದಂಡೆಯಲ್ಲಿದೆ. ಅದರ ಹೊರಗೋಡೆಯೇ ಈಗ ಬಯಲು ಪ್ರಾರ್ಥನಾ ಸ್ಥಳ. ಗೋಡೆಯಲ್ಲಿರುವ ಮಾತೆಯ ಶಿಲ್ಪದ ಮುಂದೆ ಜನ ಮೇಣದಬತ್ತಿ ಹಚ್ಚುತ್ತಾರೆ. ಅಕ್ಟೋಬರ್ 12 ಊರ ದೊಡ್ಡ ಹಬ್ಬ. ಕೋಟೆಯ ಒಳಗೆ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಶಾಖೆಯಿದೆ.

ಬಾಯಿಂದ ಬಾಯಿಗೆ

ಕೋಟೆಯೇನೋ ಕಲ್ಲಿನದು. ಆದರೆ ಅದರ ನೆರಳಿನಲ್ಲಿ ಹುಟ್ಟಿದ ಮಾತು ಕಲ್ಲಿಗಿಂತ ಗಟ್ಟಿಯಾಯಿತು. ಕೋಟೆ ಕಟ್ಟಲು, ಕಾಯಲು, ಹುಟ್ಟು ಹಾಕಲು ಬಂದವರು ಒಂದೇ ಊರಿನವರಲ್ಲ. ಬಿಸಾಯ ದ್ವೀಪಗಳ ಕೂಲಿಯವರು, ಲುಜಾನಿನ ತಗಾಲರು, ಮೆಕ್ಸಿಕೋದಿಂದ ಬಂದ ಸಿಪಾಯಿಗಳು, ಶಿಕ್ಷೆಗೊಳಗಾಗಿ ಬಂದ ಕೈದಿಗಳು, ಅವರ ಮೇಲೆ ಸ್ಪೇನಿನ ಅಧಿಕಾರಿಗಳು. ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯದು. ಯಜಮಾನನ ಅಪ್ಪಣೆಯ ಶಬ್ದಗಳನ್ನು ಹಿಡಿದು, ತಮ್ಮ ಮನೆಮಾತಿನ ಕಟ್ಟಿನಲ್ಲಿ ಪೋಣಿಸಿ, ಅವರು ಕೆಲಸ ಸಾಗಿಸಿಕೊಂಡರು. ಈ ಮಾತು ನೇರವಾಗಿ ಇಲ್ಲಿಯೇ ಹುಟ್ಟಿತೋ, ಮನಿಲಾ ಕೊಲ್ಲಿಯ ಕಡೆಯಿಂದ ಬಂದು ಬೆಳೆಯಿತೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಸ್ಪೇನಿನವರು ಅದಕ್ಕೆ ಕೊಟ್ಟ ಹೆಸರು ಮಾತ್ರ ಕುಹಕದ್ದು: 'ಚಾವಕಾನೊ'. ಅವರ ಭಾಷೆಯಲ್ಲಿ ಒರಟು, ಕೀಳುಮಟ್ಟದ್ದು ಎಂದೇ ಅರ್ಥ.

ಈ ಒರಟು ಮಾತಿನ ನಯವನ್ನು ನಮ್ಮ ಓದುಗರು ಬೇಗ ಬಲ್ಲರು. ಉಂಡೆ, ಉಂಡಿ, ಉಂಡಳು ಎಂದು ಕನ್ನಡದಲ್ಲಿ ಕರ್ತೃವಿಗೆ ತಕ್ಕಂತೆ ಕ್ರಿಯಾಪದ ಬದಲಾಗುತ್ತದೆ; ಸ್ಪೇನಿಷಿನಲ್ಲೂ ಹಾಗೆಯೇ. ಚಾವಕಾನೊ ಆ ತೊಡಕನ್ನು ಬಿಟ್ಟುಕೊಟ್ಟಿತು. 'ಯಾ ಕೊಮೆ ಯೊ' ಎಂದರೆ ನಾನು ಉಂಡೆ. 'ತಾ ಕೊಮೆ ಯೊ' ಎಂದರೆ ನಾನು ಉಣ್ಣುತ್ತಿದ್ದೇನೆ. 'ಆಯ್ ಕೊಮೆ ಯೊ' ಎಂದರೆ ನಾನು ಉಣ್ಣುವೆನು. ಕಾಲವನ್ನು ಹೇಳುವುದು ಮುಂದಿನ ಪುಟ್ಟ ಶಬ್ದ, ಉಣ್ಣುವವರು ಯಾರಾದರೂ 'ಕೊಮೆ' ಒಂದೇ. ಮಲೆಯಾಳದಲ್ಲಿ ಞಾನ್ ಬಂದರೂ ಅವಳ್ ಬಂದರೂ 'ವನ್ನು' ಎಂಬುದೊಂದೇ ಸಾಕಲ್ಲವೇ, ಹಾಗೆ.

ಇನ್ನೊಂದು ಸ್ವಾರಸ್ಯ. ಕನ್ನಡದ 'ನಾವು' ಎಂಬುದರಲ್ಲಿ ಎದುರಿಗಿರುವವನು ಸೇರಿದ್ದಾನೋ ಇಲ್ಲವೋ ಗೊತ್ತಾಗುವುದಿಲ್ಲ. ತುಳುವಿನಲ್ಲಿ 'ನಮ' ಬೇರೆ, 'ಎಂಕುಳು' ಬೇರೆ. ಮಲೆಯಾಳದಲ್ಲಿ 'ನಮ್ಮಳ್' ಬೇರೆ, 'ಞಙಳ್' ಬೇರೆ. ಸ್ಪೇನಿಷಿನಲ್ಲಿ ಇಲ್ಲದ ಈ ಭೇದ ಚಾವಕಾನೊದಲ್ಲಿದೆ. ನಿನ್ನನ್ನೂ ಸೇರಿಸಿಕೊಂಡ ನಾವು 'ಕಿತಾ', ನೀನಿಲ್ಲದ ನಾವು 'ಕಾಮೆ'. ಎರಡೂ ಬಿಸಾಯ ದ್ವೀಪದ ಕೂಲಿಯವರ ಕೊಡುಗೆ. ಶಬ್ದಗಳು ಬಹುಪಾಲು ಯಜಮಾನನವು, ಆದರೆ 'ನಾವು' ಎಂಬುದು ಮಾತ್ರ ದುಡಿಯುವವರದೇ ಉಳಿಯಿತು! ಮೆಕ್ಸಿಕೋದವರ ಪಾಲೂ ಇಲ್ಲದಿಲ್ಲ. ಹುಲ್ಲಿಗೆ ಹೇಳುವ 'ಸಕಾತೆ' ಅಲ್ಲಿನ ಮೂಲನಿವಾಸಿಗಳ ಶಬ್ದ. ಸ್ಪೇನಿನ ಹಡಗುಗಳಲ್ಲಿ ಮೆಕ್ಸಿಕೋದಿಂದ ಬಂದ ಸಪೋಟಾ ಹಣ್ಣಿಗೆ ಫಿಲಿಪ್ಪೀನ್ಸಿನಲ್ಲಿ 'ಚಿಕೊ' ಎನ್ನುತ್ತಾರೆ. ನಮ್ಮ ತೋಟದ ಚಿಕ್ಕು ಅದೇ.

ಧ್ವಜಗಳು ಬದಲಾದವು

1899ರ ಮೇ ತಿಂಗಳಲ್ಲಿ ಸ್ಪೇನಿನ ಪಡೆ ಊರು ಬಿಟ್ಟಿತು. ವಿಸೆಂತೆ ಆಲ್ವಾರೆಸ್ ಎಂಬ ಸೇನಾನಿಯ ನಾಯಕತ್ವದಲ್ಲಿ ಸ್ಥಳೀಯರು ತಮ್ಮದೇ ಗಣರಾಜ್ಯವನ್ನು ಸಾರಿದರು. ಅದೇ ನವೆಂಬರದಲ್ಲಿ ಅಮೆರಿಕನರು ಬಂದಿಳಿದರು. 1903ರಿಂದ 1913ರವರೆಗೆ ಇದು 'ಮೋರೊ ಪ್ರಾಂತ'ದ ರಾಜಧಾನಿ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಪಡೆಗಳನ್ನು ನಡೆಸಿದ ಜನರಲ್ ಪರ್ಶಿಂಗ್ ಅದರ ಕೊನೆಯ ಸೇನಾ ರಾಜ್ಯಪಾಲ. 1936ರಲ್ಲಿ ನಗರದ ಸನ್ನದು ಸಿಕ್ಕಿತು. 1942ರ ಮಾರ್ಚಿನಲ್ಲಿ ಜಪಾನೀಯರು ಬಂದರು, 1945ರ ಮಾರ್ಚಿನಲ್ಲಿ ಅಮೆರಿಕನರು ಮರಳಿದರು. ಶಾಲೆಗೆ ಇಂಗ್ಲಿಷ್ ಬಂತು, ಬಳಿಕ ತಗಾಲ ಮೂಲದ ರಾಷ್ಟ್ರಭಾಷೆ ಬಂತು. ಪೇಟೆಯಲ್ಲಿ, ಅಡುಗೆಮನೆಯಲ್ಲಿ ಮಾತ್ರ ಚಾವಕಾನೊ ಕದಲಲಿಲ್ಲ. ಬೇರೆ ಮನೆಮಾತಿನವರೂ ಪೇಟೆಗಾಗಿ ಅದನ್ನು ಕಲಿತರು. ಮನಿಲಾ ಕೊಲ್ಲಿಯ ಅದರ ಸೋದರ ನುಡಿಗಳು ಸೊರಗುತ್ತ ಬಂದವು. ಎರ್ಮಿತಾದ ನುಡಿಯಂತೂ ನಿಂತೇಹೋಯಿತು.

ಬೂತಾಯಿಯ ಪೇಟೆ

ಊರಿಗೆ ಅನ್ನ ಕೊಡುವುದು ಸಮುದ್ರ. ದೇಶದ ಡಬ್ಬಿ ಮೀನಿನ ಬಹುಭಾಗ ಇಲ್ಲಿಂದಲೇ ಹೋಗುತ್ತದೆ. ಆ ಮೀನು ನಮ್ಮ ಬೂತಾಯಿಯ ಹತ್ತಿರದ ಬಂಧು. ಕಾರ್ಖಾನೆಗಳ ಹಸಿವಿಗೆ ಮೀನು ಕಡಿಮೆಯಾದೀತೆಂದು 2011ರಿಂದ ಮೊಟ್ಟೆಯಿಡುವ ಕಾಲದಲ್ಲಿ ಸುಮಾರು ಮೂರು ತಿಂಗಳು ದೊಡ್ಡ ಪ್ರಮಾಣದ ಹಿಡಿತಕ್ಕೆ ನಿಷೇಧ ತಂದರು. ಮಳೆಗಾಲದ ಟ್ರಾಲಿಂಗ್ ನಿಷೇಧವನ್ನು ಕಂಡ ನಮಗೆ ಅದರ ಕಷ್ಟವೂ ಗೊತ್ತು, ಲಾಭವೂ ಗೊತ್ತು.

2013ರ ಬೆಂಕಿ

ಇಷ್ಟು ಹೇಳಿ ಎಲ್ಲವೂ ಸೊಗಸು ಎಂದರೆ ಸುಳ್ಳಾದೀತು. ಕ್ರೈಸ್ತರು ಹೆಚ್ಚಿರುವ ಈ ಊರಿನಲ್ಲಿ ಮುಸಲ್ಮಾನರೂ ಬಹಳ ಮಂದಿ. ದಕ್ಷಿಣ ಫಿಲಿಪ್ಪೀನ್ಸಿನ ದೀರ್ಘ ಸಂಘರ್ಷದಿಂದ ತಪ್ಪಿಸಿಕೊಂಡು 1970ರ ದಶಕದಲ್ಲಿ ಬಸಿಲಾನಿನ ಯಾಕಾನ್ ಕುಟುಂಬಗಳು ಮಗ್ಗಗಳೊಡನೆ ಇಲ್ಲಿಗೆ ಬಂದವು. 2013ರ ಸೆಪ್ಟೆಂಬರ್ 9ರಂದು ಆ ಸಂಘರ್ಷ ಊರೊಳಗೇ ನುಗ್ಗಿತು. ಬಂಡಾಯಗಾರರ ಗುಂಪೊಂದು ಕಡಲಂಚಿನ ಕೇರಿಗಳನ್ನು ಹಿಡಿದು ಜನರನ್ನು ಒತ್ತೆಯಿಟ್ಟಿತು. ಸುಮಾರು ಮೂರು ವಾರಗಳ ಕಾಳಗದಲ್ಲಿ ಸಾವಿರಗಟ್ಟಲೆ ಮನೆಗಳು ಸುಟ್ಟವು. ಲಕ್ಷಕ್ಕೂ ಹೆಚ್ಚು ಜನ ನಿರಾಶ್ರಿತರಾಗಿ ಕ್ರೀಡಾಂಗಣದಲ್ಲೂ ಬಯಲಿನಲ್ಲೂ ತಂಗಬೇಕಾಯಿತು. ಮನೆ ಕಳೆದುಕೊಂಡವರಲ್ಲಿ ನೀರಿನ ಮೇಲೆ ಕಂಬ ನೆಟ್ಟು ಬಾಳುತ್ತಿದ್ದ ಸಾಮಾ ಮತ್ತು ಬಜಾವು ಜನ ಬಹಳ. ಊರಿಗೆ ಹೆಸರು ಕೊಟ್ಟವರ ಗೂಟಗಳೇ ಬೆಂದುಹೋದವು.

ಶಾಲೆಯ ಬಾಗಿಲಲ್ಲಿ

2012ರಲ್ಲಿ ಆ ದೇಶ ಮಕ್ಕಳಿಗೆ ಮೊದಲ ತರಗತಿಗಳಲ್ಲಿ ಮನೆಮಾತಿನಲ್ಲೇ ಕಲಿಸಲು ತೊಡಗಿತು. ಮೊದಲು ಆರಿಸಿದ ಹನ್ನೆರಡು ಭಾಷೆಗಳಲ್ಲಿ ಚಾವಕಾನೊ ಒಂದಾಗಿತ್ತು. ಕೀಳೆಂದು ಹೆಸರಿಟ್ಟ ಮಾತಿಗೆ ಕರಿಹಲಗೆಯ ಮೇಲೆ ಸ್ಥಾನ ಸಿಕ್ಕಿತು. ಆದರೆ 2024ರ ಅಕ್ಟೋಬರದಲ್ಲಿ ಬಂದ ಹೊಸ ಕಾಯಿದೆ ಈ ಕಡ್ಡಾಯವನ್ನು ತೆಗೆದುಹಾಕಿತು. ಫಿಲಿಪಿನೊ ಮತ್ತು ಇಂಗ್ಲಿಷ್ ಮತ್ತೆ ಬೋಧನಾ ಮಾಧ್ಯಮಗಳಾದವು. ಎಲ್ಲ ಮಕ್ಕಳದೂ ಒಂದೇ ಮನೆಮಾತಾಗಿರುವ ತರಗತಿಗಳಲ್ಲಿ ಮಾತ್ರ, ಲಿಪಿಕ್ರಮ, ವ್ಯಾಕರಣ, ಪುಸ್ತಕ, ಅಧ್ಯಾಪಕರು ಇವೆಲ್ಲ ಇದ್ದರೆ, ಅದರಲ್ಲಿ ಕಲಿಸಬಹುದು.

ತೌಸುಗ, ಸಾಮಾ, ಬಿಸಾಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಬಂದರಿನಲ್ಲಿ ಅಂಥ ತರಗತಿ ಎಷ್ಟು ಸಿಕ್ಕೀತು? ತೌಸುಗ ಮನೆಯ ಮಗುವಿಗೆ ಚಾವಕಾನೊ ಕೂಡ ಕಲಿತ ಮಾತೇ ಎಂಬುದೂ ನಿಜ. ಯಾರ ಮಾತನ್ನೂ ತಳ್ಳದೆ ಎಲ್ಲರ ಮಕ್ಕಳಿಗೂ ಅಕ್ಷರ ಕಲಿಸುವುದು ಸುಲಭದ ಕೆಲಸವಲ್ಲ.

ಆದರೂ ಒಂದು ಮಾತು. ಚಾವಕಾನೊ ಸುಮಾರು ಮುನ್ನೂರು ವರ್ಷ ಶಾಲೆಯ ನೆರವಿಲ್ಲದೆಯೇ ಬಾಳಿತು. ಅದನ್ನು ಉಳಿಸಿದ್ದು ಸರಕಾರದ ಆಜ್ಞೆಯಲ್ಲ, ತೊಟ್ಟಿಲ ಬಳಿಯ ತಾಯಿ, ಮೀನಿನ ಬುಟ್ಟಿಯ ಮುಂದಿನ ಹೆಂಗಸು, ಹಗ್ಗ ಬಿಗಿಯುವ ಅಂಬಿಗ. ಅವರ ಮಕ್ಕಳು ಮನೆಯಲ್ಲಿ ಅದನ್ನು ಆಡುತ್ತಿರುವವರೆಗೆ ಆ ದೋಣಿ ಗೂಟದಿಂದ ಕಳಚದು.