ಮುತ್ತಿನ ಸರ, ಜೆರಾಕ್ಸ್ ಪ್ರತಿ ಮತ್ತು ಪೇಟೆಂಟ್

ಪರೀಕ್ಷೆ ಹತ್ತಿರ ಬಂತೆಂದರೆ ಜೆರಾಕ್ಸ್ ಅಂಗಡಿಯ ಮುಂದೆ ವಿದ್ಯಾರ್ಥಿಗಳ ಸಾಲು. ಮದುವೆ ಹತ್ತಿರ ಬಂತೆಂದರೆ ಆಭರಣದ ಅಂಗಡಿಯಲ್ಲಿ ಮುತ್ತಿನ ಸರಕ್ಕೆ ಚೌಕಾಸಿ. ಇವೆರಡಕ್ಕೂ ಏನು ಸಂಬಂಧ ಎನ್ನುತ್ತೀರಾ? ದೊಡ್ಡ ಪ್ರಯೋಗಾಲಯದ ಆಸರೆಯಿಲ್ಲದೆ ತಮ್ಮ ಪಾಡಿಗೆ ತಾವು ದುಡಿದ ಒಬ್ಬೊಬ್ಬ ಸಂಶೋಧಕ ಎರಡರ ಹಿಂದೆಯೂ ಇದ್ದಾನೆ. ಒಂದೊಂದು ಪೇಟೆಂಟ್ ಕೂಡ ಇದೆ.

ಪೇಟೆಂಟ್ ಎಂದರೆ ಸರ್ಕಾರ ಮತ್ತು ಸಂಶೋಧಕನ ನಡುವಿನ ಒಂದು ಒಪ್ಪಂದ. ಸಂಶೋಧಕ ತನ್ನ ಗುಟ್ಟನ್ನು ಪೂರ್ತಿಯಾಗಿ ಬರೆದುಕೊಡಬೇಕು. ಅದಕ್ಕೆ ಪ್ರತಿಯಾಗಿ, ಇಂತಿಷ್ಟು ವರ್ಷ ಬೇರೆಯವರು ಅದನ್ನು ಬಳಸದಂತೆ ತಡೆಯುವ ಹಕ್ಕು ಅವನಿಗೆ ಸಿಗುತ್ತದೆ. ಅವಧಿ ಮುಗಿದ ಮೇಲೆ ಅದು ಎಲ್ಲರ ಸ್ವತ್ತು.

ಕೊಕಿಚಿ ಮಿಕಿಮೊಟೊ ಜಪಾನಿನ ಟೋಬಾ ಊರಿನ ನೂಡಲ್ಸ್ ಅಂಗಡಿಯವನ ಮಗ. ಕಡಲಿನಲ್ಲಿ ಮುತ್ತನ್ನು ಬೆಳೆಯಬೇಕೆಂಬುದು ಅವನ ಹಟ. ಮುತ್ತಿನ ಚಿಪ್ಪಿನೊಳಗೆ ಹೊರಗಿನ ಕಣವೊಂದು ಸೇರಿದರೆ ಅದರೊಳಗಿನ ಜೀವಿ ಅದರ ಮೇಲೆ ಹೊಳೆಯುವ ಪದರಗಳನ್ನು ಕಟ್ಟುತ್ತಾ ಹೋಗುತ್ತದೆ. ಆ ಕಣವನ್ನು ನಾವೇ ಇಟ್ಟರೆ? ವರ್ಷಗಟ್ಟಲೆ ಪ್ರಯತ್ನಿಸಿದ. 1892ರಲ್ಲಿ ನೀರನ್ನೇ ಕೆಂಪಾಗಿಸುವ ಸೂಕ್ಷ್ಮಜೀವಿಗಳ ಹಾವಳಿಯಿಂದ ಅವನ ಚಿಪ್ಪುಗಳು ರಾಶಿರಾಶಿಯಾಗಿ ಸತ್ತವು. ಬೇರೆಡೆ ಇಟ್ಟಿದ್ದ ಕೆಲವು ಮಾತ್ರ ಉಳಿದವು. ಮರುವರ್ಷ ಜುಲೈ 11ರಂದು ಪತ್ನಿ ಉಮೆಯೊಡನೆ ಅವುಗಳನ್ನು ಪರೀಕ್ಷಿಸುವಾಗ ಅರ್ಧಗೋಲದ ಮುತ್ತು ಕಂಡಿತು! 1896ರಲ್ಲಿ ಪೇಟೆಂಟ್ ದೊರೆಯಿತು.

ಆದರೆ ಆ ಪೇಟೆಂಟ್ ಇದ್ದದ್ದು ಅರ್ಧ ಮುತ್ತಿಗೆ. ದುಂಡು ಮುತ್ತಿನ ವಿಧಾನಕ್ಕೆ 1907ರಲ್ಲಿ ಅರ್ಜಿ ಹಾಕಿದವರು ಬೇರೆಯವರು. ಅವರಲ್ಲೊಬ್ಬ ಅವನ ಅಳಿಯನೇ! ಬರೆದುಕೊಟ್ಟಷ್ಟನ್ನು ಮಾತ್ರ ಪೇಟೆಂಟ್ ಕಾಯುತ್ತದೆ.

ಇನ್ನು ಅಮೆರಿಕದ ಕಥೆ. ಚೆಸ್ಟರ್ ಕಾರ್ಲ್‌ಸನ್ ಕ್ಷೌರಿಕನ ಮಗ. ತಂದೆ ಕಾಯಿಲೆ ಬಿದ್ದಿದ್ದರಿಂದ ಬಾಲ್ಯದಲ್ಲೇ ಮನೆಯ ಹೊರೆ ಹೊತ್ತವನು. ಭೌತಶಾಸ್ತ್ರ ಓದಿ ನ್ಯೂಯಾರ್ಕಿನ ಒಂದು ಕಂಪನಿಯ ಪೇಟೆಂಟ್ ವಿಭಾಗ ಸೇರಿದ. ಅಲ್ಲಿ ದಾಖಲೆಗಳ ಪ್ರತಿ ಮಾಡುವುದೇ ದೊಡ್ಡ ತಲೆನೋವು. ದ್ರಾವಣಗಳ ಗೊಡವೆಯಿಲ್ಲದೆ ಒಣ ಛಾಯಾಚಿತ್ರ ತೆಗೆಯಲಾಗದೆ? ಅಡುಗೆಮನೆಯಲ್ಲೇ ಪ್ರಯೋಗ ಶುರುವಾಯಿತು.

1938ರ ಅಕ್ಟೋಬರ್ 22ರಂದು, ಅಸ್ಟೋರಿಯಾದ ಬಾಡಿಗೆ ಕೋಣೆಯಲ್ಲಿ, ಸಹಾಯಕನೊಡನೆ ಗಂಧಕ ಲೇಪಿಸಿದ ಸತುವಿನ ತಗಡನ್ನು ಹತ್ತಿಯ ಬಟ್ಟೆಯಿಂದ ಉಜ್ಜಿದ. ಸ್ಥಾಯೀ ವಿದ್ಯುತ್ತಿನ ಪಾಠ ನೆನಪಿದೆಯೆ? ಬರಹವಿದ್ದ ಗಾಜಿನ ಪಟ್ಟಿಯನ್ನು ಅದರ ಮೇಲಿಟ್ಟು ಬೆಳಕು ಬಿಟ್ಟ. ಬೆಳಕು ಬಿದ್ದಲ್ಲಿ ವಿದ್ಯುದಾವೇಶ ಸೋರಿಹೋಯಿತು, ಅಕ್ಷರಗಳ ನೆರಳಿನಲ್ಲಿ ಉಳಿಯಿತು. ಪುಡಿ ಉದುರಿಸಿದಾಗ ಅಕ್ಷರಗಳ ಜಾಗದಲ್ಲಿ ಮಾತ್ರ ಅಂಟಿತು. ಅದನ್ನು ಮೇಣದ ಕಾಗದಕ್ಕೆ ಒತ್ತಿದಾಗ ಮೂಡಿದ್ದು: '10-22-38 ಅಸ್ಟೋರಿಯಾ'.

ಪೇಟೆಂಟ್ ಸಿಕ್ಕಿದ್ದು 1942ರಲ್ಲಿ. 20ಕ್ಕೂ ಹೆಚ್ಚು ಕಂಪನಿಗಳು ಅವನನ್ನು ವಾಪಸು ಕಳಿಸಿದವು. 1944ರಲ್ಲಿ ಬ್ಯಾಟೆಲ್ ಸಂಶೋಧನಾ ಸಂಸ್ಥೆ, 1947ರಲ್ಲಿ ಹ್ಯಾಲಾಯ್ಡ್ ಎಂಬ ಸಣ್ಣ ಕಂಪನಿ ಕೈಹಿಡಿದವು. ಆ ಕಂಪನಿಯೇ ಮುಂದೆ ಜೆರಾಕ್ಸ್ ಆಯಿತು. ಅದರ 914 ಎಂಬ ಯಂತ್ರ ಬಂದದ್ದು 1959ರಲ್ಲಿ. ಆಗ ಅಮೆರಿಕದಲ್ಲಿ ಪೇಟೆಂಟಿನ ಅವಧಿ 17 ವರ್ಷ. ಅಂದರೆ ಯಂತ್ರ ಮಾರುಕಟ್ಟೆ ಕಂಡ ವರ್ಷವೇ ಆ ಮೊದಲ ಪೇಟೆಂಟ್ ಮುಗಿಯಿತು! ನಂತರದ ಸುಧಾರಣೆಗಳಿಗೆ ಪಡೆದ ಪೇಟೆಂಟುಗಳು ಕಾಪಾಡಿದವು. ಕೊನೆಗೆ ಕೈತುಂಬಾ ಬಂದ ಹಣದ ಬಹುಪಾಲನ್ನು ಕಾರ್ಲ್‌ಸನ್ ದಾನ ಮಾಡಿದ.

ತಂದೆತಾಯಿಗಳೇ, ನಿಮ್ಮ ಮಗು ತಾನೇ ಮಾಡಿದ ಏನನ್ನಾದರೂ ತಂದು ತೋರಿಸಿದರೆ "ಮೊದಲು ಓದು, ಅಂಕ ತೆಗೆ" ಎಂದು ಅದನ್ನು ಅಟ್ಟಕ್ಕೆ ಸೇರಿಸಬೇಡಿ. ಹಾಗೆಂದು ಊರಿಗೆಲ್ಲ ಸಾರುವ ಆತುರವೂ ಬೇಡ. ನಮ್ಮ ದೇಶದಲ್ಲಿ ಪೇಟೆಂಟಿನ ಅವಧಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ಆದರೆ ಅರ್ಜಿಗೆ ಮುಂಚೆಯೇ ವಿಜ್ಞಾನ ಮೇಳದಲ್ಲೋ ಪತ್ರಿಕೆಯಲ್ಲೋ ಎಲ್ಲವನ್ನೂ ಬಿಚ್ಚಿಟ್ಟರೆ ಪೇಟೆಂಟ್ ಕೈತಪ್ಪಬಹುದು. ಆದ್ದರಿಂದ ಮೊದಲು ತಿಳಿದವರನ್ನು ಕೇಳಿ.

ವಿದ್ಯಾರ್ಥಿಗಳೇ, ನೀವೊಂದು ನೋಟ್‌ಬುಕ್ ಇಡಿ. ಮಾಡಿದ್ದನ್ನೂ ಕೆಟ್ಟಿದ್ದನ್ನೂ ಅದರಲ್ಲಿ ಬರೆಯಿರಿ. ಕಾರ್ಲ್‌ಸನ್ನನ ಮೊದಲ ಪ್ರತಿಯಲ್ಲಿ ಇದ್ದದ್ದು ದಿನಾಂಕ ಮತ್ತು ಸ್ಥಳ ಮಾತ್ರ. ನೀವೂ ಅಲ್ಲಿಂದಲೇ ಆರಂಭಿಸಬಹುದು.